ಕಾರಣಗಳನ್ನು ಬರೆಸಿದ ಸಾರ್

ಮುಳಬಾಗಿಲಿನಿಂದ ನಮ್ಮೂರಿಗೆ ಹೋಗುವಾಗ ಕೋಲಾರದಲ್ಲಿ ಬಸ್ಸು ಬದಲಿಸಬೇಕು. ಕೋಲಾರ ಬಿಟ್ಟು ಕ್ಯಾಲನೂರಿನ ದಾರಿ ಹಿಡಿದ ಮೇಲೆ, ನಮ್ಮೂರಿಗೆ ಇನ್ನೆರಡು ಸ್ಟಾಪ್ ಇದೆ ಅನ್ನುವಾಗ ರಸ್ತೆಗೆ ಒರಗಿದಂತೆ ಒಂದು ಆಲದ ಮರ ಸಿಗುತ್ತದೆ. ಹೋದ ಭಾನುವಾರ ಬಸ್ಸು ಅದರ ಕೆಳಗೇ ನಿಂತಿತು. ಕಿಟಕಿಯ ಮೇಲಿನ ಕೊಂಬೆಯಲ್ಲಿ ಗೋಣಿಚೀಲದ ಒಂದು ಗಂಟು ನೇತಾಡುತ್ತಿತ್ತು. ಅದರ ವಾಸನೆಗೆ ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ನನಗೆ ಗೊತ್ತಿರುವ ವಾಸನೆ ಅದು. ಹಸು ಕರು ಹಾಕಿದ ಮೇಲೆ ಬೀಳುವ ಕಸವನ್ನು ನಮ್ಮ ಕಡೆ ಹೀಗೆ ಗೋಣಿಯಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುತ್ತಾರೆ. ನಾಯಿ ತಿಂದರೆ ಹಸುವಿನ ಹಾಲು ಬತ್ತುತ್ತದೆ, ಹಾಲು ಸುರಿಸುವ ಮರಕ್ಕೆ ಕಟ್ಟಿದರೆ ಹೆಚ್ಚುತ್ತದೆ ಎಂದು ನಂಬಿಕೆ.

ಆ ವಾಸನೆಗೆ ಯಾರ ನೆನಪಾಗಬೇಕೋ ಅವರ ನೆನಪಾಗುವ ಮೊದಲೇ, ಇಸ್ತ್ರಿ ಮಾಡಿದ ಬೂದು ಪ್ಯಾಂಟು, ಜೇಬಿನಲ್ಲಿ ಕೆಂಪು ಪೆನ್ನು, ಕೂರುವ ಮುನ್ನ ಕುರ್ಚಿಯನ್ನು ಕರವಸ್ತ್ರದಿಂದ ಒರೆಸುವ ಒಬ್ಬ ಮನುಷ್ಯ ಕಣ್ಣ ಮುಂದೆ ಬಂದು ನಿಂತರು. ನಮಗೆ ರೋಗಶಾಸ್ತ್ರ ಬರೆಸಿದ ಸಾರ್. ಕಲಿಸಿದ ಸಾರ್ ಎನ್ನಲು ನನಗೆ ಮನಸ್ಸಿಲ್ಲ. ಇದನ್ನು ಏಕವಚನದಲ್ಲೇ ಬರೆಯಬೇಕು ಎಂದು ಹಟ ಹಿಡಿದು ಕೂತಿದ್ದೆ. ಎರಡು ಸಾಲು ಬರೆದು ಹೊಡೆದುಹಾಕಿದೆ, ಕೈ ಕೇಳಲಿಲ್ಲ. ಅಷ್ಟರ ಮಟ್ಟಿಗೆ ನಮ್ಮನ್ನು ಹೆದರಿಸಿಟ್ಟಿದ್ದರು.

ಕೋಲಾರದಲ್ಲಿ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಓದಲು ಸೇರಿದ್ದ ದಿನಗಳು ಅವು. ಒಂದು ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಾಲೇಜು. ನಾವು ಹೆಚ್ಚಿನವರೆಲ್ಲ ಹಳ್ಳಿಯ ಹುಡುಗಿಯರು, ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಸ್ಸು ಹತ್ತಿದವರು. ಮೊದಲ ದಿನವೇ ಸಾರ್ ಮೂಗು ಅರಳಿಸಿ, "ಯಾರ್ರೀ ಅದು, ಕೊಟ್ಟಿಗೆ ಸಮೇತ ಬಂದಿರೋದು?" ಎಂದರು. ಮೂರನೇ ಬೆಂಚಿನಲ್ಲಿದ್ದ ನಾನು ಚಪ್ಪಲಿಯನ್ನು ಸೀಟಿನ ಕೆಳಕ್ಕೆ ತಳ್ಳಿಕೊಂಡೆ. ಹಳ್ಳಿಯವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ನಿಮ್ ಕಡೆಯವರಿಗೆ ಕಾಯಿಲೆಗೆ ಮೂರೇ ಕಾರಣ. ಉಷ್ಣ, ಶೀತ, ಕಣ್ಣುದೃಷ್ಟಿ. ಇಗ್ನೊರೆಂಟ್ ಪೀಪಲ್" ಎಂದು ವಾರಕ್ಕೊಂದು ಸಲವಾದರೂ ಅನ್ನುತ್ತಿದ್ದರು. ನಾವು ನಗುತ್ತಿದ್ದೆವು. ನಮ್ಮ ಅಪ್ಪ ಅಮ್ಮಂದಿರನ್ನೇ ಅವರು ಬೈಯುತ್ತಿದ್ದುದು ಎಂದು ಗೊತ್ತಿದ್ದೂ ನಗುತ್ತಿದ್ದೆವಲ್ಲ, ಅದಕ್ಕೆ ಏನೆನ್ನಬೇಕೋ...

ಅವರ ಪಾಠ ಎಂದರೆ ಡಿಕ್ಟೇಷನ್ನು. ಹಳದಿ ಬಣ್ಣಕ್ಕೆ ತಿರುಗಿದ ಒಂದು ನೋಟ್ಸು ಅವರ ಕೈಯಲ್ಲಿ, ಗೆರೆ ಹಾಕಿದ ಲಾಂಗ್ ಬುಕ್ಕು ನಮ್ಮ ಮುಂದೆ. ಈಟಿಯಾಲಜಿ ಎಂದರೆ ರೋಗದ ಕಾರಣಗಳ ಅಧ್ಯಯನ. ಪ್ಯಾಥೋಜೆನೆಸಿಸ್ ಎಂದರೆ ಆ ಕಾರಣ ಮೈಯೊಳಗೆ ಹೊಕ್ಕ ಮೇಲೆ ರೋಗ ಹೆಜ್ಜೆ ಹೆಜ್ಜೆಯಾಗಿ ಬೆಳೆಯುವ ಬಗೆ. ಇನ್‌ಕ್ಯುಬೇಷನ್ ಪೀರಿಯಡ್ ಎಂದರೆ ಸೋಂಕು ಒಳಗೆ ಬಂದ ದಿನದಿಂದ ಮೊದಲ ಲಕ್ಷಣ ಕಾಣುವ ದಿನದವರೆಗೆ, ಏನೂ ಆಗಿಲ್ಲವೆಂದು ಮನುಷ್ಯ ಓಡಾಡಿಕೊಂಡಿರುವ ಕಾಲ. ರೋಗಿ ತನಗೆ ಹೀಗಾಗುತ್ತಿದೆ ಎಂದು ಹೇಳಿಕೊಳ್ಳುವುದು ಸಿಂಪ್ಟಮ್. ಪರೀಕ್ಷೆ ಮಾಡುವವರು ಕಣ್ಣಾರೆ ಕಂಡು, ಅಳೆದು, ಗುರುತು ಹಾಕಿಕೊಳ್ಳುವುದು ಸೈನ್. ಕಾರಣವೇ ಗೊತ್ತಾಗದ ರೋಗ ಇಡಿಯೋಪಥಿಕ್. ಈ ಕೊನೆಯ ಪದ ಅವರಿಗೆ ಬಹಳ ಪ್ರೀತಿ. ತುಟಿ ಕೂಡಿಸಿ, ಪಾಯಸ ಚಪ್ಪರಿಸುವ ಹಾಗೆ ಹೇಳುತ್ತಿದ್ದರು.

ಪದಗಳ ವಿಷಯದಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಒಪ್ಪುತ್ತೇನೆ. ಮನುಷ್ಯರ ವಿಷಯದಲ್ಲಿ ಮಾತ್ರ ಶುದ್ಧ ಸೊನ್ನೆ. ರಕ್ತ ತೆಗೆಯುವ ಪ್ರಾಕ್ಟಿಕಲ್ ದಿನ ಅಟೆಂಡರನ್ನು ಕರೆದು, "ನೀನೇ ತೋರಿಸಪ್ಪ" ಎಂದು ಕಿಟಕಿಯ ಕಡೆ ತಿರುಗಿ ನಿಲ್ಲುತ್ತಿದ್ದರು. ಸಿರಿಂಜಿನೊಳಗೆ ರಕ್ತ ಏರುವುದನ್ನು ನೋಡಿದರೆ ತಲೆ ಸುತ್ತುತ್ತದೆ ಎನ್ನುತ್ತಿದ್ದರು. ಎರಡು ವರ್ಷದಲ್ಲಿ ಅವರು ಒಬ್ಬ ರೋಗಿಯ ಕೈ ಮುಟ್ಟಿದ್ದನ್ನೂ ನಾನು ನೋಡಲಿಲ್ಲ.

ನಾನು ಎರಡನೇ ವರ್ಷದಲ್ಲಿದ್ದಾಗ ನಮ್ಮ ಮನೆಯ ಸೀಮೆಹಸು ಏಳು ತಿಂಗಳಿಗೇ ಕಂದು ಹಾಕಿತು. ದಿನ ತುಂಬದೆ ಕರು ಸತ್ತು ಬಿತ್ತು, ಕಸ ಒಳಗೇ ಉಳಿಯಿತು. ಅಮ್ಮ ಹಸುವಿನ ಕುತ್ತಿಗೆ ತಬ್ಬಿಕೊಂಡು, "ಅಯ್ಯೋ ನಾ ತಲ್ಲಿ, ನಾ ತಲ್ಲಿ" ಎಂದು ಹೆತ್ತ ತಾಯಿಯನ್ನು ಕರೆಯುವ ಹಾಗೆ ತೆಲುಗಿನಲ್ಲಿ ಗೋಳಾಡಿದಳು. ನಮ್ಮ ಮನೆಯಲ್ಲಿ ಲೆಕ್ಕಾಚಾರ, ವ್ಯವಹಾರ ಕನ್ನಡದಲ್ಲಿ ನಡೆದರೆ, ಅಳು ಸಿಟ್ಟು ತೆಲುಗಿನಲ್ಲಿ. ಮಾರನೆಯ ದಿನವೂ ಕಸ ಬೀಳದಿದ್ದಾಗ ಅಮ್ಮ ಅಪ್ಪನ ಹಿಂದೆ ಬಿದ್ದಳು.

"ಕೈ ಹಾಕಿ ತೆಗೀರಿ. ಡಾಕ್ಟ್ರು ಬರೋವರ್ಗೂ ಕೊಳೀತಾ ಇರ್ಲಾ? ತೆಗೆದು ಮರಕ್ಕೆ ಕಟ್ಟಿದ್ರೆ ಮುಂದಿನ್ ಕರುವಾದ್ರೂ ನಿಲ್ತದೆ."

ಅಪ್ಪನಿಗೆ ಮನಸ್ಸಿರಲಿಲ್ಲ. ಹಿಂದಿನ ದಿನ ಟೊಮ್ಯಾಟೊ ತೋಟದಲ್ಲಿ ಕಡ್ಡಿ ಕಟ್ಟಿ ಕೈಯೆಲ್ಲ ತರಚಿಕೊಂಡಿತ್ತು. ಆದರೂ ಅಮ್ಮನ ಮಾತು ತೆಗೆದುಹಾಕುವವನಲ್ಲ. ಮೊಣಕೈವರೆಗೆ ಹರಳೆಣ್ಣೆ ಸವರಿಕೊಂಡು ಕೈ ಹಾಕಿ ಎಳೆದ, ಗೋಣಿಯಲ್ಲಿ ಸುತ್ತಿದ, ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಆಲದ ಮರಕ್ಕೆ ಕಟ್ಟಿ ಬಂದ. ಅವನ ಬೆನ್ನಿನ ಮೇಲೆ ನೀರು ಸೋರಿ ಬನಿಯನ್ನು ತೊಯ್ದಿತ್ತು. ನಾನು ಜಗಲಿಯಲ್ಲಿ ಕೂತು ಇಂಟರ್ನಲ್ ಟೆಸ್ಟಿಗೆ ಓದುತ್ತಿದ್ದೆ.

ಎರಡು ತಿಂಗಳಾದ ಮೇಲೆ ಅಪ್ಪನಿಗೆ ಜ್ವರ ಶುರುವಾಯಿತು. ಸಂಜೆಗೆ ಏರುವುದು, ಬೆಳಗ್ಗೆ ಇಳಿಯುವುದು. ಹಾಸಿಗೆ ಹಿಂಡುವಷ್ಟು ಬೆವರು, ಬೆನ್ನು ನೋವು. ಹತ್ತು ದಿನ ಬಿಟ್ಟು ಮತ್ತೆ ಬರುವುದು. ಊರಿಗೆ ಬರುತ್ತಿದ್ದ ಇಂಜೆಕ್ಷನ್ ಡಾಕ್ಟರು ಟೈಫಾಯಿಡ್ ಎಂದರು, ಆಮೇಲೆ ಮತ್ತೆ ಟೈಫಾಯಿಡ್ ಎಂದರು. ಟೊಮ್ಯಾಟೊ ಕ್ರೇಟನ್ನು ಒಂದೇ ಕೈಯಲ್ಲಿ ಎತ್ತಿ ಟೆಂಪೋಗೆ ಇಡುತ್ತಿದ್ದ ಅಪ್ಪ ಗೋಡೆ ಹಿಡಿದು ಏಳತೊಡಗಿದ. ಅಮ್ಮ ನನ್ನ ಮುಖ ನೋಡಿ, "ಏಮೇ, ರೋಗದ್ ಬಗ್ಗೇನೇ ಓದ್ತಿದೀಯಲ್ಲೇ? ನಿಮ್ ಸಾರ್‌ನ ಕೇಳ್ಬಾರ್ದಾ?" ಎಂದಳು.

ಕೇಳಿದೆ. ಕ್ಲಾಸು ಮುಗಿದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸಾರ್, ನಮ್ಮಪ್ಪನಿಗೆ ಮೂರು ತಿಂಗಳಿಂದ ಜ್ವರ ಬಂದು ಬಂದು ಹೋಗ್ತಿದೆ" ಎಂದೆ.

"ಥರ್ಮಾಮೀಟರ್ ಇಟ್ಟು ನೋಡಿದ್ದೀಯಾ?"

"ಮೈ ಮುಟ್ಟಿ ನೋಡಿದೆ ಸಾರ್."

"ಹಾಗಾದ್ರೆ ನೀನು ಹೇಳ್ತಿರೋದು ಸಿಂಪ್ಟಮ್ಮಾ, ಸೈನಾ?" ನಾನು ತೊದಲಿದೆ. ಅವರಿಗೆ ಹಬ್ಬವಾಯಿತು. ಪಕ್ಕದ ಮೇಜಿನವರ ಕಡೆ ತಿರುಗಿ, "ನೋಡಿ ಮೇಡಂ, ಸೆಕೆಂಡ್ ಇಯರು" ಎಂದರು. ಎರಡಕ್ಕೂ ಇರುವ ವ್ಯತ್ಯಾಸವನ್ನು ಹತ್ತು ಸಲ ಬರೆದು ತರಲು ಹೇಳಿದರು.

ಹತ್ತು ಸಲ ಬರೆದೆ. ಜೊತೆಗೆ ಕಾಲೇಜಿನ ಥರ್ಮಾಮೀಟರ್ ಕೇಳಿ ಪಡೆದು ಒಂದು ವಾರ ಅಪ್ಪನ ಜ್ವರವನ್ನು ಬೆಳಗ್ಗೆ ಸಂಜೆ ಅಳೆದು ಗ್ರಾಫ್ ಶೀಟಿನಲ್ಲಿ ಗುರುತು ಹಾಕಿಕೊಂಡು ಹೋದೆ. ಏರಿ ಇಳಿಯುವ ಆ ಗೆರೆಯೊಳಗೇ ಎಲ್ಲವೂ ಇತ್ತು. ಸಾರ್ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಜೇಬಿನಿಂದ ಕೆಂಪು ಪೆನ್ನು ತೆಗೆದರು. ಗ್ರಾಫಿನ ಪಕ್ಕದಲ್ಲಿ ಒಂದು ಸುತ್ತು ಹಾಕಿ, "ಡಿಗ್ರಿ ಯಾವುದು ಅಂತ ಬರೆದಿಲ್ಲ. ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ? ಒಂದು ಮಾರ್ಕು ಹೋಯ್ತು" ಎಂದರು.

"ಸಾರ್, ಏನಿರಬಹುದು ಸಾರ್?"

"ಟೈಫಾಯಿಡ್ ಟ್ರೀಟ್‌ಮೆಂಟ್ ಆಗಿದೆ ಅಂತೀಯ. ಆದ್ರೂ ಬರ್ತಿದೆ ಅಂತೀಯ. ಇಡಿಯೋಪಥಿಕ್. ಕೆಲವಕ್ಕೆ ಕಾರಣ ಇರಲ್ಲಮ್ಮ. ಹೋಗು."

ನಿಮ್ಮಪ್ಪ ಏನು ಕೆಲಸ ಮಾಡುತ್ತಾರೆ ಎಂದು ಅವರು ಕೇಳಲಿಲ್ಲ. ಜ್ವರಕ್ಕೆ ಮುಂಚೆ ಮನೆಯಲ್ಲಿ ಏನಾದರೂ ಆಗಿತ್ತಾ ಎಂದು ಕೇಳಲಿಲ್ಲ. ಎರಡು ಪ್ರಶ್ನೆ, ಒಂದು ನಿಮಿಷವೂ ಹಿಡಿಯದ ಎರಡು ಪ್ರಶ್ನೆ. ಕಾರಣಗಳ ಅಧ್ಯಯನ ಎಂದು ವರ್ಷವಿಡೀ ಬರೆಸಿದ ಬಾಯಿಗೆ ಅವು ಬರಲಿಲ್ಲ. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ನಾನೇನು ಮಾಡಿದೆ? ಮನೆಗೆ ಹೋಗಿ ಆ ಪದವನ್ನು ಪ್ರಸಾದದ ಹಾಗೆ ಹಂಚಿದೆ. ಅದರ ಅರ್ಥ ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂಬುದಕ್ಕೇ ಇಟ್ಟ ಹೆಸರು ಅದು ಎಂದು ಅಪ್ಪನಿಗೆ ಹೇಳಬೇಕು ಎಂದು ಮಾತ್ರ ಅನ್ನಿಸಲಿಲ್ಲ. ದೊಡ್ಡ ಸಾರ್ ಹೆಸರು ಹಿಡಿದು ಹೇಳಿದರಲ್ಲ ಎಂದು ಮನೆಗೆಲ್ಲ ಸಮಾಧಾನವಾಯಿತು. ಅಪ್ಪ ಅದನ್ನು ನನ್ನಿಂದ ನಾಲ್ಕು ಸಲ ಹೇಳಿಸಿಕೊಂಡು ಬಾಯಿಪಾಠ ಮಾಡಿದ. ಡೇರಿಯಲ್ಲಿ ಯಾರಾದರೂ ಕೇಳಿದರೆ, "ಇಡಿಯೋಪಥಿಕ್ ಅಂತಪ್ಪ. ನಮ್ ಹುಡುಗಿ ಸಾರ್ ಹೇಳಿದ್ರು" ಎನ್ನುತ್ತಿದ್ದ. ಬೆಂಗಳೂರಿಗೆ ಕರೆದುಕೊಂಡು ಹೋಗೋಣ ಎನ್ನುತ್ತಿದ್ದ ಅಮ್ಮ ಆ ಮಾತು ನಿಲ್ಲಿಸಿದಳು. ಒಳ್ಳೆಯ ಹಣ್ಣು ಆರಿಸಿ ಒಂದು ಬುಟ್ಟಿ ಟೊಮ್ಯಾಟೊ ಸಾರ್‌ಗೆ ಕಳಿಸಿದರು. ಸಾರ್ ಒಂದೊಂದನ್ನೂ ಕರವಸ್ತ್ರದಿಂದ ಒರೆಸಿ ಚೀಲಕ್ಕೆ ಹಾಕಿಕೊಂಡರು.

ಹೀಗೆ ಇನ್ನೂ ಐದು ತಿಂಗಳು ಕಳೆದವು. ಅಷ್ಟರಲ್ಲಿ ನಮ್ಮ ಎರಡನೇ ಹಸುವೂ ಕಂದು ಹಾಕಿತು. ಈ ಸಲ ಸರ್ಕಾರಿ ಪಶುವೈದ್ಯರು ಬಂದರು. ವಯಸ್ಸಾದ ಮನುಷ್ಯ, ಹೆಗಲಿಗೆ ರಬ್ಬರ್ ಗ್ಲೌಸು ಇಳಿಬಿಟ್ಟುಕೊಂಡು ಸ್ಕೂಟರಿನಲ್ಲಿ ಬಂದಿದ್ದರು. ಅಮ್ಮ ಹಾಲು ಹಾಕಲು ಡೇರಿಗೆ ಹೋಗಿದ್ದಳು. ಕೊಟ್ಟಿಗೆಯಲ್ಲಿ ಅವರು, ಅಪ್ಪ, ನಾನು.

"ಮೊದಲ್ನೇದೂ ಹಿಂಗೇ ಆಗಿತ್ತಾ? ಎಷ್ಟು ತಿಂಗಳಿಗೆ?"

"ಏಳು ತಿಂಗಳಿಗೆ ಸ್ವಾಮಿ."

"ಕಸ ಯಾರು ತೆಗೆದ್ರು?"

"ನಾನೇ."

ಡಾಕ್ಟರು ಹಸುವನ್ನು ಬಿಟ್ಟು ಅಪ್ಪನನ್ನು ನೋಡಿದರು. ಅಪ್ಪ ಕಂಬ ಹಿಡಿದುಕೊಂಡು ಸೊಟ್ಟಗೆ ನಿಂತಿದ್ದ. "ನಿನಗೆ ಸಂಜೆ ಹೊತ್ತು ಜ್ವರ ಬರ್ತದೇನಪ್ಪ? ಬೆವರ್ತೀಯಾ?" ಎಂದರು.

ಅಷ್ಟೇ. ಹಸು ನೋಡಲು ಬಂದವರಿಗೆ ಮೂರು ಮಾತಿನಲ್ಲಿ ಗೊತ್ತಾಯಿತು. ಹಸುವಿನದೂ ಅಪ್ಪನದೂ ಒಂದೇ ಕಾಯಿಲೆ. ಕಂದು ರೋಗ, ಬ್ರುಸೆಲ್ಲೋಸಿಸ್. ಕಸದಲ್ಲಿ ಕೋಟಿಗಟ್ಟಲೆ ಇರುವ ಆ ಕ್ರಿಮಿ ತರಚಿದ ಚರ್ಮದೊಳಗಿಂದ ನುಗ್ಗುತ್ತದೆ, ತಿಂಗಳುಗಟ್ಟಲೆ ಸುಮ್ಮನಿರುತ್ತದೆ, ಆಮೇಲೆ ಮೂಳೆ ಸಂದುಗಳಲ್ಲಿ ಮನೆ ಮಾಡುತ್ತದೆ. ನಾಳೆಯೇ ರಕ್ತ ಪರೀಕ್ಷೆ ಮಾಡಿಸಿ ದೊಡ್ಡಾಸ್ಪತ್ರೆಗೆ ತೋರಿಸು ಎಂದು ಬರೆದುಕೊಟ್ಟರು. ಕಸವನ್ನು ಸುಣ್ಣ ಹಾಕಿ ಆಳಕ್ಕೆ ಹೂಳಿ, ಮರಕ್ಕೆ ಕಟ್ಟಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ, ಹಸುಗಳನ್ನು ಬೇರೆ ಕಟ್ಟಿ ಎಂದು ಎರಡೆರಡು ಸಲ ಹೇಳಿದರು.

ಸ್ಕೂಟರ್ ಹೋದ ಮೇಲೆ ಅಪ್ಪ ಕಂಬಕ್ಕೆ ಒರಗಿ ಕೂತ. ಆಮೇಲೆ, "ಅಮ್ಮನಿಗೆ ಹೇಳ್ಬೇಡ ಕಣಮ್ಮ" ಎಂದ. "ತೆಗೀರಿ ತೆಗೀರಿ ಅಂತ ಅವಳೇ ಹಿಂದೆ ಬಿದ್ದಿದ್ದು. ಗೊತ್ತಾದ್ರೆ ಒಡೆದುಹೋಗ್ತಾಳೆ. ಬಾಯ್ಮೇಲೆ ಬೆರಳಿಟ್ಕೊಂಡಿರು."

ಅಮ್ಮ ಬಂದಾಗ ಅಪ್ಪ, ಗ್ಲೌಸು ಹಾಕಿಯೇ ಮುಟ್ಟಬೇಕು, ಸುಣ್ಣ ಹಾಕಿ ಹೂಳಬೇಕು, ಇದು ಸರ್ಕಾರದ ಹೊಸ ರೂಲ್ಸು ಎಂದು ಹೇಳಿದ. ಅಮ್ಮ ಸರ್ಕಾರವನ್ನು ತೆಲುಗಿನಲ್ಲಿ ಬೈದು, ಹಾಗೇ ಮಾಡಿದಳು. ಶುಗರ್ ಟೆಸ್ಟ್ ಎಂದು ಸುಳ್ಳು ಹೇಳಿ ನಾನೇ ಅವಳ ರಕ್ತ ತೆಗೆದು ಪರೀಕ್ಷೆ ಮಾಡಿಸಿದೆ. ಅವಳಿಗೆ ಸೋಂಕು ಇರಲಿಲ್ಲ. ಅಪ್ಪನಿಗಿತ್ತು.

ಅಪ್ಪನ ರಿಪೋರ್ಟು ಹಿಡಿದುಕೊಂಡು ನಾನು ಸ್ಟಾಫ್ ರೂಮಿಗೆ ಹೋದೆ. ಮುಖದ ಮೇಲೆ ಎಸೆಯಬೇಕೆಂದೇ ಹೋಗಿದ್ದೆ. ಸಾರ್ ಓದಿದರು. ಹುಬ್ಬು ಕೂಡ ಅಲುಗಲಿಲ್ಲ.

"ಬ್ರುಸೆಲ್ಲೋಸಿಸ್. ಹೌದು. ನೋಟ್ಸಲ್ಲಿ ಇದೆಯಲ್ಲಮ್ಮ? ನಾನು ಬರ್ಸಿದೀನಿ. ನೀವು ಓದ್ಕೋಬೇಕು."

ಅಪ್ಪ ಹೇಗಿದ್ದಾರೆ ಎಂದು ಕೇಳಲಿಲ್ಲ. ಮನೆಗೆ ಬಂದು ಲಾಂಗ್ ಬುಕ್ಕು ತೆಗೆದೆ. ಇತ್ತು. ನನ್ನದೇ ದುಂಡನೆಯ ಅಕ್ಷರದಲ್ಲಿತ್ತು. ಸೋಂಕಿನ ಮೂಲ: ದನದ ಪ್ಲಾಸೆಂಟಾ ಮತ್ತು ಗರ್ಭದ ದ್ರವ. ಹರಡುವ ಬಗೆ: ಗಾಯವಿರುವ ಚರ್ಮದ ಮೂಲಕ. ಲಕ್ಷಣ: ಏರಿ ಇಳಿಯುವ ಜ್ವರ, ಬೆವರು, ಬೆನ್ನುನೋವು. ಕೆಳಗೆ ಎರಡು ಗೆರೆ ಎಳೆದಿದ್ದೆ, ಇಂಪಾರ್ಟೆಂಟ್ ಎಂದು. ಅಪ್ಪ ಹೆಗಲ ಮೇಲೆ ಗೋಣಿ ಹೊತ್ತು ಹೋದ ದಿನ ಜಗಲಿಯಲ್ಲಿ ಕೂತು ನಾನು ಓದುತ್ತಿದ್ದ ಇಂಟರ್ನಲ್ ಟೆಸ್ಟಿನಲ್ಲಿ ಇದೇ ಪ್ರಶ್ನೆ ಬಂದಿತ್ತು. ಹತ್ತಕ್ಕೆ ಹತ್ತು ಬಂದಿತ್ತು. ಪ್ಲಾಸೆಂಟಾ ಎಂದು ಬರೆಯುವಾಗ ಅದು ನಮ್ಮ ಕೊಟ್ಟಿಗೆಯಲ್ಲಿ ಬೀಳುವ ಕಸ ಎಂದು ನನಗೆ ಹೊಳೆದೇ ಇರಲಿಲ್ಲ. ಅದು ಪುಸ್ತಕದಲ್ಲಿ ಮಾತ್ರ ಇರುವ ಇನ್ನೇನೋ ಒಂದು ಅಂದುಕೊಂಡಿದ್ದೆ. ಸಾರ್ ಮೇಲಿನ ನನ್ನ ಅಸಹ್ಯದಲ್ಲಿ ಅರ್ಧ ನನ್ನ ಮೇಲಿನದು. ಅದನ್ನು ಮುಚ್ಚಿಟ್ಟುಕೊಂಡು ಬರೆದರೆ ಇದು ಬರೀ ಚಾಡಿಯಾಗುತ್ತದೆ.

ಅಪ್ಪನಿಗೆ ವಾರಗಟ್ಟಲೆ ಮಾತ್ರೆ ನಡೆಯಿತು. ಅವು ಇಡಿಯೋಪಥಿಕ್ ಜ್ವರಕ್ಕೇ ಎಂದು ಅಮ್ಮನಿಗೆ ಹೇಳಿದೆವು. ಜ್ವರ ನಿಂತಿತು. ಆದರೆ ತಡವಾಗಿತ್ತು. ಬೆನ್ನು ಬಾಗಿದ್ದು ನೆಟ್ಟಗಾಗಲಿಲ್ಲ, ಹೃದಯದ ಕವಾಟಕ್ಕೂ ಪೆಟ್ಟು ಬಿದ್ದಿತ್ತು. ಎರಡು ವರ್ಷ ಕುರ್ಚಿಯಲ್ಲಿ ಕೂತು ಟೊಮ್ಯಾಟೊ ಆರಿಸಿಕೊಡುತ್ತಿದ್ದ. ಆಮೇಲೆ ಒಂದು ಬೆಳಗ್ಗೆ... ಅವನಿಗೆ ಐವತ್ತನಾಲ್ಕು ವರ್ಷ. ಮೊದಲ ಜ್ವರದ ತಿಂಗಳಲ್ಲೇ ಗೊತ್ತಾಗಿದ್ದರೆ ಉಳಿಯುತ್ತಿದ್ದ ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ನನ್ನ ಕೈಯಲ್ಲಿ ಹೇಳಿದ್ದರು. ನಾನು ಅದನ್ನೂ ಅಮ್ಮನಿಗೆ ಹೇಳಲಿಲ್ಲ.

ನಾನು ಮುಳಬಾಗಿಲಿನ ಲ್ಯಾಬಿಗೆ ಸೇರಿ ಕೆಲವು ವರ್ಷಗಳಾದ ಮೇಲೆ ಸಾರ್ ಹೋದ ಸುದ್ದಿ ವಾಟ್ಸಾಪ್ ಗುಂಪಿನಲ್ಲಿ ಬಂತು. ಮಹಾನ್ ಗುರು, ಜ್ಞಾನದ ಭಂಡಾರ ಎಂದು ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನಾನು ಏನೂ ಹಾಕಲಿಲ್ಲ. ಆದರೆ ವೇಮಗಲ್ ಹತ್ತಿರದ ಅವರ ಮನೆಗೆ ಹೋದೆ. ದುಃಖಕ್ಕಲ್ಲ, ಆ ಮನುಷ್ಯ ಎಂಥ ಅರಮನೆಯಿಂದ ಇಳಿದು ಬಂದು ನಮ್ಮ ಸಗಣಿ ವಾಸನೆಗೆ ಮೂಗು ಮುರಿಯುತ್ತಿದ್ದರು ಎಂದು ನೋಡಬೇಕಿತ್ತು. ಹಿತ್ತಲಲ್ಲಿ ಕೊಟ್ಟಿಗೆ, ಎರಡು ಸೀಮೆಹಸು. ಅವರ ಹೆಂಡತಿ ಕಣ್ಣೊರೆಸಿಕೊಂಡು ಹೇಳಿದರು: "ಬೆಳಗ್ಗೆ ಅವರೇ ಹಾಲು ಕರೆಯೋರಮ್ಮ. ಕರು ಹಾಕಿದ್ರೆ ಎಲ್ಲಾ ಅವರೇ ನೋಡ್ಕೊಳ್ಳೋರು, ಮರಕ್ಕೆ ಕಟ್ಟಿ ಬರೋತನಕ. ಆಮೇಲೆ ಸ್ನಾನ ಮಾಡಿ, ಇಸ್ತ್ರಿ ಪ್ಯಾಂಟ್ ಹಾಕ್ಕೊಂಡು ಕಾಲೇಜಿಗೆ ಹೊರಡೋರು. ಹಸು ಇರೋದು ಕಾಲೇಜಲ್ಲಿ ಯಾರಿಗೂ ಗೊತ್ತಾಗ್ಬಾರ್ದು ಅಂತಿದ್ರು."

ಅವರ ಮೇಲೆ ಇದ್ದ ತಿರಸ್ಕಾರ ಅಲ್ಲಿ ನಿಂತಲ್ಲೇ ಎರಡು ಪಟ್ಟಾಯಿತು. ಗೊತ್ತಿಲ್ಲದ ಮನುಷ್ಯನಾಗಿದ್ದರೆ ಕ್ಷಮಿಸಬಹುದಿತ್ತು. ಇವರಿಗೆ ಪ್ಲಾಸೆಂಟಾವೂ ಗೊತ್ತಿತ್ತು, ಕಸವೂ ಗೊತ್ತಿತ್ತು. ಎರಡರ ನಡುವೆ ಒಂದು ಸ್ನಾನ, ಒಂದು ಇಸ್ತ್ರಿ ಪ್ಯಾಂಟು. ಕಾಫಿ ಕುಡಿಯದೆ ಎದ್ದು ಬಂದೆ.

ಹೋದ ಭಾನುವಾರ ಬಸ್ಸು ಇಳಿದು ಮನೆಗೆ ಹೋದಾಗ ಅಮ್ಮ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಹಸುಗಳನ್ನು ಸಾಕುವುದು ಬಿಟ್ಟು ಎಷ್ಟೋ ವರ್ಷವಾಯಿತು. ನಾನೂ ಪಕ್ಕದಲ್ಲಿ ಕೂತು ಬಿಡಿಸತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ಅವಳು ತಲೆ ಎತ್ತದೆ ಕೇಳಿದಳು. ವರ್ಷಕ್ಕೆ ಒಂದೆರಡು ಸಲ ಕೇಳುತ್ತಾಳೆ.

"ಇಷ್ಟ್ ವರ್ಷ ರಕ್ತ ನೋಡ್ತಿದೀಯ. ನಿಮ್ಮಪ್ಪನಿಗೆ ಏನಾಗಿತ್ತು ಅಂತ ಈಗ್ಲಾದ್ರೂ ಗೊತ್ತಾಯ್ತೇನೇ? ಏತರಿಂದ ಬಂತು ಅದು?"

ಅವಳ ಕೈ ನೋಡಿದೆ. ಉಗುರಿನ ಸಂದಿಯಲ್ಲೆಲ್ಲ ಅವರೆಯ ಹಸಿರು ಕಟ್ಟಿತ್ತು.

"ಕೆಲವಕ್ಕೆ ಕಾರಣ ಇರಲ್ಲಮ್ಮ" ಎಂದೆ.

"ನಿಮ್ ಸಾರೂ ಹಂಗೇ ಅಂದಿದ್ರಲ್ಲ" ಎಂದಳು ಅಮ್ಮ. "ದೊಡ್ಡ ಮನುಷ್ಯ. ದೇವರು ಅವರನ್ನ ಚೆನ್ನಾಗಿಟ್ಟಿರ್ಲಿ."

ಸಾರ್ ಸತ್ತಿದ್ದಾರೆ ಎಂದು ನಾನು ಅವಳಿಗೆ ಹೇಳಿರಲಿಲ್ಲ. ಹೂಂ ಎಂದು ಇನ್ನೊಂದು ಹಿಡಿ ಅವರೆಕಾಯಿ ಎತ್ತಿಕೊಂಡೆ.